ಹಲ್ಲು ಕೀಳಿಸುವುದು ಬಡವನ ಇಷ್ಟವಂತೆ!

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಹಿರಿಯರೊಬ್ಬರು ಕಳೆದ ತಿಂಗಳು ನಮ್ಮ ಕಚೇರಿಗೆ ಬಂದಿದ್ದರು. ಬಂದದ್ದು ಹಮಾಲಿ ದರದ ವಿಚಾರ ಮಾತಾಡಲು. ಆದರೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಎಡಗೆನ್ನೆ ಊದಿ ಕಣ್ಣಿನವರೆಗೆ ಏರಿತ್ತು. ಟವಲು ಒತ್ತಿಕೊಂಡೇ ಕುಳಿತರು.

"ಏನಾಯಿತಣ್ಣಾ?" ಎಂದು ಕೇಳಿದೆವು.

"ದವಡಿ ಹಲ್ಲು ಮೇಷ್ಟ್ರೇ. ಆರು ತಿಂಗಳ ಹಿಂದ ಸಣ್ಣ ತೂತು ಇತ್ತು. ಸಿಮೆಂಟು ತುಂಬಿಸು ಅಂದಿದ್ರು, ಎಂಟುನೂರು ಕೇಳಿದ್ರು. ಈಗ ಕೀವು ಆಗೇತಿ, ಬೇರಿನ ತನಕ ಕೆಲಸ ಮಾಡಬೇಕು, ಮೂರ್ನಾಲ್ಕು ಸಾವಿರ ಆಗತೈತಿ, ನಾಕು ಸಲ ಬಾ ಅಂತಾರ. ಕೀಳಿಸಿದ್ರ ಮುನ್ನೂರು, ಒಂದೇ ದಿನ. ಕೀಳಿಸಿ ಒಗದು ಬಿಡ್ತೀನಿ."

ಈಗಾಗಲೇ ನಾಲ್ಕು ಹಲ್ಲು ಹೀಗೆಯೇ ಹೋಗಿವೆ. ಇದು ಐದನೆಯದು. ಜೋಳದ ಕಟಕು ರೊಟ್ಟಿ ಬಿಟ್ಟು ವರ್ಷವಾಯಿತು, ಅನ್ನವನ್ನು ಸಾರಿನಲ್ಲಿ ಕಲಸಿ ನುಂಗುತ್ತೇನೆ ಎಂದರು. ನೂರು ಕಿಲೋ ಮೂಟೆ ಹೊರುವ ಮನುಷ್ಯ ಅಗಿದು ತಿನ್ನಲಾರದವನಾದ.

ಓದುಗ ಬಂಧುಗಳೇ, ಈ ಅಣ್ಣನ ಮಾತನ್ನು ಪುಸ್ತಕದ ಅರ್ಥಶಾಸ್ತ್ರಿಯೊಬ್ಬ ಕೇಳಿಸಿಕೊಂಡಿದ್ದರೆ ತನ್ನ ಕಾಗದದಲ್ಲಿ ಏನು ಬರೆದುಕೊಳ್ಳುತ್ತಿದ್ದ? "ಈತನಿಗೆ ತುಂಬಿಸುವುದಕ್ಕಿಂತ ಕೀಳಿಸುವುದೇ ಇಷ್ಟ. ಹಲ್ಲು ಉಳಿಸಿಕೊಳ್ಳಲು ಎಂಟುನೂರು ರೂಪಾಯಿ ಕೊಡುವ ಮನಸ್ಸು ಈತನಿಗಿಲ್ಲ." ಹೀಗೆ ಬರೆದು ಮೊತ್ತ ಕೂಡಿಸಿ, ಇಂತಿಷ್ಟು ಮಂದಿಗೆ ಹಲ್ಲಿನ ಮೇಲೆ ಅಕ್ಕರೆ ಇಲ್ಲ ಎಂದು ತೀರ್ಪು ಕೊಡುತ್ತಿದ್ದ. ಇದನ್ನೇ ನಾವು ಇಂದು ಪ್ರಶ್ನಿಸಹೊರಟಿದ್ದೇವೆ.

ಕೇಳುವ ಪ್ರಶ್ನೆಯಲ್ಲೇ ಇರುವ ಮೋಸ

ಹಲ್ಲಿನ ಗುಣಿ ತುಂಬುವ ಮದ್ದಿನ ವಿಚಾರವಾಗಿ ಇಂಗ್ಲೆಂಡಿನಂಥ ದೇಶಗಳಲ್ಲಿ ಜನರನ್ನು ವಿಚಾರಿಸುವ ಪದ್ಧತಿ ಇದೆ. ನಿಮಗೆ ಬೆಳ್ಳಿ ಬಣ್ಣದ್ದು ಬೇಕೋ, ಹಲ್ಲಿನ ಬಣ್ಣದ್ದು ಬೇಕೋ? ಹೆಚ್ಚು ವರ್ಷ ಬಾಳುವುದು ಬೇಕೋ, ಬೇಗ ಮುಗಿಯುವ ಕೆಲಸ ಬೇಕೋ? ಅದಕ್ಕಾಗಿ ಎಷ್ಟು ಹೆಚ್ಚು ಹಣ ಕೊಡಲು ಸಿದ್ಧರಿದ್ದೀರಿ? ಉತ್ತರಗಳನ್ನೆಲ್ಲ ಲೆಕ್ಕ ಹಾಕಿ ಜನರ ಇಷ್ಟಕ್ಕೆ ಬೆಲೆ ಕಟ್ಟುತ್ತಾರೆ.

ಜನರನ್ನು ಕೇಳುವುದು ಒಳ್ಳೆಯದೇ. ಬಾಯಿ ನಮ್ಮದು, ಹಲ್ಲು ನಮ್ಮದು. ಕೇಳದೆ ತುಂಬುವುದಕ್ಕಿಂತ ಕೇಳಿ ತುಂಬುವುದು ಮೇಲು. ಚಿಕಿತ್ಸೆ ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇರುವ ಕಡೆ ಇಂಥ ಪ್ರಶ್ನೆಗೆ ಬೆಲೆ ಉಂಟು. ಆದರೆ "ಎಷ್ಟು ಕೊಡಲು ಸಿದ್ಧ?" ಎಂಬ ಪ್ರಶ್ನೆ ಮನಸ್ಸನ್ನು ಅಳೆಯುವುದಿಲ್ಲ, ಕಿಸೆಯನ್ನು ಅಳೆಯುತ್ತದೆ. ಗಣಿ ಧಣಿ ಹಲ್ಲೊಂದಕ್ಕೆ ಐವತ್ತು ಸಾವಿರ ಕೊಡಲು ಸಿದ್ಧ, ಹಮಾಲಿ ಮುನ್ನೂರು ಕೊಡಲು ಸಿದ್ಧ. ಹಾಗೆಂದ ಮಾತ್ರಕ್ಕೆ ಧಣಿಗೆ ತನ್ನ ಹಲ್ಲಿನ ಮೇಲೆ ಇರುವ ಪ್ರೀತಿ ಹಮಾಲಿಗೆ ಇರುವುದಕ್ಕಿಂತ ನೂರಾರು ಪಟ್ಟು ದೊಡ್ಡದೇ? ನೋವು ಇಬ್ಬರಿಗೂ ಒಂದೇ. ರಾತ್ರಿ ಎರಡು ಗಂಟೆಗೆ ಲವಂಗದ ಎಣ್ಣೆ ಹುಡುಕುವಾಗ ಇಬ್ಬರೂ ಒಂದೇ ದೇವರನ್ನು ಕೂಗುತ್ತಾರೆ.

ಲೆಕ್ಕ ನೋಡಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಎಂಟುನೂರು ರೂಪಾಯಿಯ ಸಿಮೆಂಟು ಎಂದರೆ ಎರಡು ದಿನದ ದುಡಿಮೆಗಿಂತ ಹೆಚ್ಚು. ಜೊತೆಗೆ ವೈದ್ಯರ ಬಳಿ ಕಳೆದ ದಿನದ ಹಾಜರಿ ಇಲ್ಲ. ಬಸ್ಸಿನ ಖರ್ಚು ಬೇರೆ. ಮನೆಯಲ್ಲಿ ಮೂವರಿಗೆ ಹಲ್ಲು ಹುಳುಕಾದರೆ? ಇಂಥವನು "ಕೀಳಿಸಿಬಿಡುತ್ತೇನೆ" ಎಂದರೆ ಅದು ಇಷ್ಟವಲ್ಲ, ಅನಿವಾರ್ಯ. ಅನಿವಾರ್ಯವನ್ನು ಇಷ್ಟವೆಂದು ಬರೆದುಕೊಳ್ಳುವ ಲೆಕ್ಕಣಿಕೆ ಯಾರ ಕಡೆಯದೆಂದು ಹೇಳಬೇಕಾಗಿಲ್ಲ.

ಬಡವರಿಗೆ ಅಂದಚೆಂದದ ಹಂಬಲವಿಲ್ಲ ಎನ್ನುವವರೂ ಇದ್ದಾರೆ. ಹಂಪಿಯಲ್ಲಿ ಯಾತ್ರಿಕರಿಗೆ ಎಳನೀರು ಮಾರುವ ತಾಯಿಯೊಬ್ಬರು ನಮಗೆ ಹೇಳಿದ ಮಾತು ಕೇಳಿ: "ಮುಂದಿನ ಹಲ್ಲು ಕರ್ರಗಾದ್ರ ಗಿರಾಕಿ ಮುಂದ ನಗೋದು ಹೆಂಗ ಸಾರ್? ಬಾಯಿಗೆ ಸೆರಗು ಹಿಡಕೊಂಡು ಯಾಪಾರ ಆಗತೈತೇನು?" ಆ ತಾಯಿಗೆ ತನಗೇನು ಬೇಕೆಂಬುದು ಚೆನ್ನಾಗಿ ಗೊತ್ತು. ಬೇಕಾದದ್ದನ್ನು ಕೊಳ್ಳಲು ಹಣವಿಲ್ಲ, ಅಷ್ಟೇ.

ಮೂರು ಮದ್ದು, ಮೂರು ಗುಣ

ತುಂಬುವ ಮದ್ದುಗಳ ವಿಚಾರ ನಮ್ಮ ದುಡಿಯುವ ಜನ ತಿಳಿದಿರಬೇಕು. ತಿಳಿಯದವನಿಗೆ ಯಾರು ಏನು ಬೇಕಾದರೂ ಮಾರಬಹುದು.

ಮೊದಲನೆಯದು ಬೆಳ್ಳಿ ತುಂಬುವುದು ಎಂದು ಜನ ಕರೆಯುವ ಅಮಾಲ್ಗಮ್. ಹೆಸರಿಗೆ ಬೆಳ್ಳಿ, ತೂಕದಲ್ಲಿ ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಅಗ್ಗ, ಗಟ್ಟಿ. ಬಾಯಲ್ಲಿ ತುಸು ಎಂಜಲಿನ ಪಸೆ ಇದ್ದರೂ ನಿಲ್ಲುತ್ತದೆ. ದವಡೆ ಹಲ್ಲಿನಲ್ಲಿ ಬಹುಕಾಲ ಬಾಳುತ್ತದೆ. ಆದರೆ ಅದು ಹಲ್ಲಿಗೆ ತಾನಾಗಿ ಅಂಟುವುದಿಲ್ಲ. ಸಿಕ್ಕಿಕೊಳ್ಳುವಂತೆ ಒಳ್ಳೆಯ ಹಲ್ಲನ್ನೂ ಒಂದಿಷ್ಟು ಕೊರೆಯಬೇಕು. ಬಣ್ಣ ಕಪ್ಪು.

ಎರಡನೆಯದು ಹಲ್ಲಿನ ಬಣ್ಣದ ಕಾಂಪೊಸಿಟ್. ರಾಳಕ್ಕೆ ಸಣ್ಣ ಗಾಜಿನ ಕಣ ಬೆರೆಸಿ ಮಾಡಿದ್ದು. ಪದರ ಪದರವಾಗಿ ತುಂಬಿ ನೀಲಿ ಬೆಳಕಿನ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ನೋಡಲು ಚೆಂದ, ಹಲ್ಲನ್ನು ಹೆಚ್ಚು ಕೊರೆಯಬೇಕಿಲ್ಲ. ಆದರೆ ಹಲ್ಲು ಪೂರ್ತಿ ಒಣಗಿರಬೇಕು, ಕೈಚಳಕ ಬೇಕು, ಹೊತ್ತು ಹೆಚ್ಚು ಬೇಕು. ಬೆಲೆಯೂ ಹೆಚ್ಚು. ಹಿಂದಿನ ದವಡೆ ಹಲ್ಲುಗಳಲ್ಲಿ ಅಮಾಲ್ಗಮ್‌ಗಿಂತ ಬೇಗ ಕೆಡುವುದುಂಟು.

ಮೂರನೆಯದು ಗಾಜಿನ ಪುಡಿಯನ್ನು ಆಮ್ಲದ ದ್ರವದಲ್ಲಿ ಕಲಸಿ ಮಾಡುವ ಸಿಮೆಂಟು, ಗ್ಲಾಸ್ ಅಯೋನೊಮರ್. ಇದನ್ನು ಕಂಡುಹಿಡಿದದ್ದು ಲಂಡನ್ನಿನ ಸರಕಾರಿ ರಸಾಯನ ಪ್ರಯೋಗಶಾಲೆಯಲ್ಲಿ. ವಿಲ್ಸನ್ ಮತ್ತು ಕೆಂಟ್ ಎಂಬಿಬ್ಬರು 1972ರಲ್ಲಿ ಜಗತ್ತಿಗೆ ತಿಳಿಸಿದರು. ಖಾಸಗಿ ಲಾಭದಿಂದ ಮಾತ್ರ ಹೊಸದು ಹುಟ್ಟುತ್ತದೆ ಎನ್ನುವವರು ಇದನ್ನು ಗಮನಿಸತಕ್ಕದ್ದು. ಇದು ಹಲ್ಲಿಗೆ ತಾನಾಗಿ ಅಂಟುತ್ತದೆ. ಫ್ಲೋರೈಡನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಬಿರುಸಾಗಿ ಅಗಿಯುವ ದೊಡ್ಡ ಗುಣಿಗಳಲ್ಲಿ ಸವೆಯುತ್ತದೆ, ಅದು ಇದರ ಕೊರತೆ. ಆದರೆ ದೊಡ್ಡ ಗುಣವೊಂದುಂಟು: ಕರೆಂಟು ಬೇಡ, ಕೊರೆಯುವ ಯಂತ್ರ ಬೇಡ. ಕೈ ಉಪಕರಣದಿಂದಲೇ ಹುಳುಕನ್ನು ಕೆರೆದು ತೆಗೆದು ಈ ಸಿಮೆಂಟು ತುಂಬುವ ಪದ್ಧತಿಯನ್ನು 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ರೂಢಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸಿಮೆಂಟನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ತಾಂಜಾನಿಯಾದ ಹಳ್ಳಿಯಲ್ಲಿ ಆದದ್ದು ಸಂಡೂರಿನ ಗಣಿ ಕಾಲನಿಯಲ್ಲಿ ಏಕೆ ಆಗದು?

ತುಂಬುವ ಮದ್ದಿಗೂ ಅಂತಸ್ತಿಗೂ ಇರುವ ನಂಟು ಹಳೆಯದು. 1833ರಲ್ಲಿ ಕ್ರಾಕೂರ್ ಎಂಬ ಸೋದರರು ಪಾದರಸದ ಈ ಅಗ್ಗದ ಮಿಶ್ರಣವನ್ನು ಅಮೆರಿಕಕ್ಕೆ ತಂದಾಗ ಚಿನ್ನದ ತಗಡು ತುಂಬುತ್ತಿದ್ದ ಅಲ್ಲಿಯ ದಂತ ವೈದ್ಯರು ಕೆರಳಿದರು. ಪಾದರಸದ ಭಯ ನಿಜವಾದದ್ದೇ. ಆದರೆ ಚಿನ್ನದ ಗಿರಾಕಿ ಕೈತಪ್ಪುವ ಭಯವೂ ಅದರ ಜೊತೆ ಇತ್ತು.

ಪಾದರಸ ಹೋಗಲಿ, ಬಡವನ ಹಲ್ಲು ಹೋಗದಿರಲಿ

ಈಗ ತುರ್ತಿನ ಸಂಗತಿಗೆ ಬರೋಣ. ಪಾದರಸ ವಿಷ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಮೀನಿನ ಮೂಲಕ ಬೆಸ್ತರ ಮೈ ಸೇರಿ ಎಂಥ ಅನಾಹುತವಾಯಿತೆಂಬುದು 1956ರಲ್ಲಿ ಬೆಳಕಿಗೆ ಬಂತು. ನಮ್ಮ ನೆರೆಯ ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆಯನ್ನು 2001ರಲ್ಲಿ ಮುಚ್ಚಿಸಿದ್ದೂ ಪಾದರಸದ ಕಸದ ದೆಸೆಯಿಂದಲೇ. 2013ರಲ್ಲಿ ಮಿನಮಾಟ ಒಪ್ಪಂದವಾಯಿತು, 2018ರಲ್ಲಿ ಭಾರತ ಅದನ್ನು ಅಂಗೀಕರಿಸಿತು. ಯುರೋಪಿನ ಒಕ್ಕೂಟ 2025ರ ಜನವರಿಯಿಂದ ಹಲ್ಲಿಗೆ ಅಮಾಲ್ಗಮ್ ತುಂಬುವುದನ್ನು ಬಹುಮಟ್ಟಿಗೆ ನಿಲ್ಲಿಸಿದೆ. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ಒಪ್ಪಂದದ ರಾಷ್ಟ್ರಗಳು 2034ರೊಳಗೆ ಇದನ್ನು ಕೊನೆಗಾಣಿಸಬೇಕೆಂದು ನಿರ್ಧರಿಸಿವೆ.

ನಾವು ಈ ನಿರ್ಧಾರದ ವಿರೋಧಿಗಳಲ್ಲ. ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ: ಈಗಾಗಲೇ ಬೆಳ್ಳಿ ತುಂಬಿಸಿಕೊಂಡವರು ಗಾಬರಿಪಡಬೇಕಿಲ್ಲ. ಗಟ್ಟಿಯಾಗಿ ಕುಳಿತಿರುವುದನ್ನು ಸುಮ್ಮಸುಮ್ಮನೆ ಕೀಳಿಸುವುದು ಬೇಡ. ಕೀಳುವಾಗಲೇ ಪಾದರಸದ ಹಬೆ ಹೆಚ್ಚು ಏಳುತ್ತದೆ. ಎಳೆಯ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಹೊಸದಾಗಿ ಹಾಕಿಸಬಾರದು. ಭಯ ಹುಟ್ಟಿಸಿ, "ಹಳೆಯದನ್ನೆಲ್ಲ ತೆಗೆಸಿ ಹೊಸದು ಹಾಕಿಸಿ" ಎನ್ನುವವರು ಬಂದರೆ ಅವರ ಬಿಲ್ಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ.

ನಮ್ಮ ಪ್ರಶ್ನೆ ಬೇರೆ. ಅಗ್ಗದ್ದು ನಿಲ್ಲುತ್ತದೆ, ಸರಿ. ಅದರ ಜಾಗಕ್ಕೆ ಬರುವ ದುಬಾರಿಯ ಮದ್ದನ್ನು ಬಡವನಿಗೆ ಕೊಡುವವರು ಯಾರು? ಸರಕಾರಿ ಆಸ್ಪತ್ರೆಯ ದಾಸ್ತಾನಿನಲ್ಲಿ ಅಮಾಲ್ಗಮ್ ಇಲ್ಲ, ಬೇರೆಯದೂ ಬಂದಿಲ್ಲ ಎಂದಾದರೆ ಉಳಿಯುವುದು ಇಕ್ಕಳವೊಂದೇ. ಆಗ ಪರಿಸರ ಉಳಿಯಿತೆಂದು ಪಟ್ಟಣದವರು ಸಂತೋಷಪಡುತ್ತಾರೆ, ಕಂಪ್ಲಿಯ ಹಮಾಲಿಯ ಆರನೆಯ ಹಲ್ಲು ಹೋಗುತ್ತದೆ. ಬರುವ ಕೆಲವೇ ವರ್ಷಗಳಲ್ಲಿ ಇದು ನಡೆಯಲಿದೆ. ಈಗಲೇ ಕೇಳದಿದ್ದರೆ ಆಮೇಲೆ ಕೇಳಿ ಫಲವಿಲ್ಲ.

ಹಲ್ಲಿಗಾಗಿ ಮಂತ್ರಿಗಿರಿ ಬಿಟ್ಟವನು

ಹಲ್ಲು ಸಣ್ಣ ವಿಷಯ, ರಾಜಕೀಯಕ್ಕೆ ತಕ್ಕದ್ದಲ್ಲ ಎಂದು ನಗುವವರಿಗೆ ಒಂದು ಚರಿತ್ರೆ ನೆನಪಿಸುತ್ತೇವೆ. ಇಂಗ್ಲೆಂಡಿನಲ್ಲಿ 1948ರಲ್ಲಿ ಕಾರ್ಮಿಕ ಪಕ್ಷದ ಸರಕಾರ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆಯ ಏರ್ಪಾಡು ಮಾಡಿತು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್, ಗಣಿಯಲ್ಲಿ ದುಡಿದು ಬಂದವನು. ಬಾಗಿಲು ತೆರೆದ ಕೂಡಲೇ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಜನ ಮುಗಿಬಿದ್ದರು. ಅಲ್ಲಿಯವರೆಗೆ ಹಲ್ಲಿಲ್ಲದೆ ಬಾಳುವುದು ಆ ಜನರ 'ಇಷ್ಟ'ವಾಗಿತ್ತೇ? ಹಣದ ಅಡ್ಡಗೋಡೆ ಬಿದ್ದೊಡನೆ ನಿಜವಾದ ಇಷ್ಟ ಹೊರಬಿತ್ತು!

1951ರಲ್ಲಿ ಅದೇ ಸರಕಾರ ಯುದ್ಧ ಸಾಮಗ್ರಿಯ ವೆಚ್ಚಕ್ಕಾಗಿ ಹಲ್ಲಿನ ಸೆಟ್ಟು, ಕನ್ನಡಕಗಳಿಗೆ ಶುಲ್ಕ ಹಾಕಹೊರಟಾಗ ಬೆವನ್ ರಾಜೀನಾಮೆ ಕೊಟ್ಟು ಹೊರಬಂದ. ಹೆರಾಲ್ಡ್ ವಿಲ್ಸನ್ ಕೂಡ ಜೊತೆಯಲ್ಲಿ ಹೊರಬಂದ. ಮರುವರ್ಷ ಚರ್ಚಿಲ್ಲನ ಸರಕಾರ ಹಲ್ಲು ತುಂಬಿಸುವುದಕ್ಕೂ ಶುಲ್ಕ ಇಟ್ಟಿತು. ಒಮ್ಮೆ ಬಾಗಿಲಲ್ಲಿ ಹುಂಡಿ ಇಟ್ಟರೆ ಅದು ದೊಡ್ಡದಾಗುತ್ತಲೇ ಹೋಗುತ್ತದೆಂಬುದು ಬೆವನ್‌ನ ಭಯವಾಗಿತ್ತು. ಆ ಭಯ ಸುಳ್ಳಾಗಲಿಲ್ಲ.

ಎಲ್ಲ ಉದುರಿದ ಮೇಲೆ ಭಾಗ್ಯ

ನಮ್ಮಲ್ಲಿ ಏನಿದೆ ನೋಡೋಣ. 2014ರ ಸುಮಾರಿಗೆ ರಾಜ್ಯ ಸರಕಾರ 'ದಂತ ಭಾಗ್ಯ' ಯೋಜನೆ ತಂದಿತು. ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ಪುಕ್ಕಟೆ ಸೆಟ್ಟು ಕಟ್ಟಿಸಿ ಕೊಡುವುದು. ಒಳ್ಳೆಯ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಮೂವತ್ತು ವಯಸ್ಸಿನಲ್ಲಿ ಒಂದು ಗುಣಿಗೆ ಸಿಮೆಂಟು ತುಂಬಿದ್ದರೆ ಮುಪ್ಪಿನಲ್ಲಿ ಸೆಟ್ಟು ಏಕೆ ಬೇಕಾಗುತ್ತಿತ್ತು? ಕೆರೆ ಒಡೆಯುವ ತನಕ ಸುಮ್ಮನಿದ್ದು ಆಮೇಲೆ ನೀರಿನ ಟ್ಯಾಂಕರು ಕಳಿಸಿದಂತಾಯಿತು.

2018ರ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಎಂದು ಸಾರುತ್ತದೆ. ಅದರ ಕಟ್ಟಡವೆಲ್ಲ ಆಸ್ಪತ್ರೆಯಲ್ಲಿ ಮಲಗಬೇಕಾದ ದೊಡ್ಡ ಕಾಯಿಲೆಗಾಗಿ. ಹಲ್ಲಿನ ಸಣ್ಣ ಗುಣಿಗೆ ಯಾರೂ ಮಲಗುವುದಿಲ್ಲ. ಆದುದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಳ್ಳಾರಿಯಲ್ಲಿ ಸರಕಾರಿ ದಂತ ವೈದ್ಯಕೀಯ ಕಾಲೇಜು ಉಂಟು. ಹೊಸಪೇಟೆಯಿಂದ ಅಲ್ಲಿಗೆ 60 ಕಿಲೋಮೀಟರಿಗೂ ಮೇಲೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸರಕಾರಿ ಬಸ್ಸು ಪುಕ್ಕಟೆ. ಆದರೆ ಹೋದ ದಿನದ ಕೂಲಿ ಪುಕ್ಕಟೆ ಬರುವುದಿಲ್ಲ.

ಕಾರ್ಖಾನೆಯ ಕಾರ್ಮಿಕರಿಗೆ ಇ.ಎಸ್.ಐ. ಇದೆಯಲ್ಲ ಎನ್ನುತ್ತೀರಿ. ಇದೆ. 2019ರ ಜುಲೈನಲ್ಲಿ ಗೊತ್ತುಮಾಡಿದ ದರದಂತೆ ಕಾರ್ಮಿಕನ ಪಗಾರದಲ್ಲಿ ನೂರಕ್ಕೆ ಮುಕ್ಕಾಲು, ಮಾಲಿಕನಿಂದ ನೂರಕ್ಕೆ ಮೂರೂಕಾಲು. 12,000 ಪಗಾರವಿದ್ದರೆ ನಿಮ್ಮದು 90, ಮಾಲಿಕನದು 390, ಕೂಡಿ ತಿಂಗಳಿಗೆ 480 ರೂಪಾಯಿ. ವರ್ಷಕ್ಕೆ 5,760. ಇದು ದಾನವಲ್ಲ, ನಿಮ್ಮ ದುಡಿಮೆಯ ಹಣ. ಇದನ್ನು ಕಟ್ಟಿದವನು ದವಾಖಾನೆಗೆ ಹೋಗಿ, "ಹಲ್ಲು ತುಂಬಿಸಿಕೊಡಿ, ಇಲ್ಲವೇ ತುಂಬಿಸುವ ಕಡೆಗೆ ಚೀಟಿ ಬರೆದುಕೊಡಿ" ಎಂದು ಕೇಳಿದ್ದುಂಟೇ? ಕೇಳಬೇಕು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹಮಾಲಿಗೆ ಈ ಬಾಗಿಲೂ ಇಲ್ಲ. ಚಹಾದಂಗಡಿಯವನಿಗೂ ಇಲ್ಲ, ತಳ್ಳುಗಾಡಿಯ ಬಾಳೆಹಣ್ಣಿನವನಿಗೂ ಇಲ್ಲ. ಅಂಗಡಿ ಒಂದು ದಿನ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದ. ಚಿಕ್ಕ ವ್ಯಾಪಾರಿಯೂ ಗಿರಣಿಯ ಕೂಲಿಯೂ ಈ ನೋವಿನಲ್ಲಿ ಒಂದೇ ಜಾತಿ.

ಎದುರು ಮಾತುಗಳಿಗೆ ಉತ್ತರ

"ಗುಟ್ಕಾಕ್ಕೆ ಹಣವಿದೆ, ಹಲ್ಲಿಗಿಲ್ಲವೇ?" ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಒಂದು ಪಾಲು ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. ತಂಬಾಕು ಹಲ್ಲನ್ನೂ ವಸಡನ್ನೂ ತಿಂದು, ಕೊನೆಗೆ ಬಾಯಿಯನ್ನೇ ತಿನ್ನುತ್ತದೆ. ಬಿಡಿ ಎಂದು ನಾವು ಸಭೆ ಸಭೆಯಲ್ಲೂ ಹೇಳಿದ್ದೇವೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು; ಮಾರನೆಯ ದಿನವೇ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಜೋಡಿಯಲ್ಲಿ ಬಂತು. ಆ ಚೀಟಿಗಳನ್ನು ತೂಗುಹಾಕಿದ ಡಬ್ಬಿ ಅಂಗಡಿಗಳಲ್ಲಿ ನಮ್ಮ ಓದುಗರ ಅಂಗಡಿಗಳೂ ಇವೆ. ಅವರು ಸಿಟ್ಟಾಗದೆ ಯೋಚಿಸಲಿ. ಆದರೆ ಹಲ್ಲು ಹುಳುಕಾದವರೆಲ್ಲ ಗುಟ್ಕಾದವರಲ್ಲ. ಆರು ವರ್ಷದ ಶಾಲೆಯ ಮಗು ಯಾವ ಗುಟ್ಕಾ ತಿಂದಿತ್ತು? ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲು ಹುಳುಕಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತು. ಅವರೆಲ್ಲರ ನಡತೆ ಕೆಟ್ಟಿದೆಯೇ? ಹಲ್ಲುಜ್ಜಿ ಎಂದು ಉಪದೇಶಿಸುವ ಸರಕಾರವೇ 2017ರ ಜುಲೈನಿಂದ 2025ರ ಸೆಪ್ಟೆಂಬರಿನವರೆಗೆ ಟೂತ್‌ಪೇಸ್ಟಿನ ಮೇಲೆ ನೂರಕ್ಕೆ 18 ತೆರಿಗೆ ಎತ್ತಿತು. ಆಮೇಲೆ ತಾನೇ 5ಕ್ಕೆ ಇಳಿಸಿತು.

"ಪುಕ್ಕಟೆ ಕೊಟ್ಟದ್ದಕ್ಕೆ ಜನ ಬೆಲೆ ಕೊಡುವುದಿಲ್ಲ" ಎಂಬುದು ಇನ್ನೊಂದು ಮಾತು. ಪೋಲಿಯೋ ಹನಿ ಹಾಕುವಾಗ ಯಾವ ತಾಯಿಯನ್ನಾದರೂ "ಎಷ್ಟು ಕೊಡಲು ಸಿದ್ಧ?" ಎಂದು ಕೇಳಿದರೇ? ಮನೆಮನೆಗೆ ಹೋಗಿ ಹಾಕಿದರು. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂದು ಸಾರಲಾಯಿತು. ಹಾಗೆ ಕೇಳಿ ವಸೂಲು ಮಾಡಿ ಹಾಕಿದ್ದರೆ ಇಂದಿಗೂ ಊರೂರಲ್ಲಿ ಕುಂಟುವ ಮಕ್ಕಳಿರುತ್ತಿದ್ದರು.

"ಸರಕಾರದ ಬಳಿ ಹಣವಿಲ್ಲ" ಎಂಬುದು ಕೊನೆಯ ಅಸ್ತ್ರ. ಬೇರೆ ಜಿಲ್ಲೆಯವರು ಈ ಮಾತು ಕೇಳಿ ಸುಮ್ಮನಾಗಬಹುದು, ಸಂಡೂರಿನವರು ಸುಮ್ಮನಾಗಬಾರದು. 2015ರಲ್ಲಿ ಗಣಿ ಕಾಯದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ನಿಧಿ ಹುಟ್ಟಿತು. ಹಳೆಯ ಗುತ್ತಿಗೆಯವರು ರಾಜಧನದ ಮೇಲೆ ನೂರಕ್ಕೆ 30, ಹರಾಜಿನಲ್ಲಿ ಗಣಿ ಹಿಡಿದವರು ನೂರಕ್ಕೆ 10 ಈ ನಿಧಿಗೆ ಕಟ್ಟಬೇಕು. ಈ ಹಣ ಗಣಿಯಿಂದ ಬಾಧೆಪಟ್ಟ ಜನಕ್ಕಾಗಿ. ಅದರಲ್ಲಿ ನೂರಕ್ಕೆ 60ಕ್ಕೆ ಕಡಿಮೆಯಿಲ್ಲದಂತೆ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಮೊದಲ ಅಗತ್ಯಗಳಿಗೆ ವೆಚ್ಚವಾಗಬೇಕೆಂದು ಆಗಲೇ ನಿಯಮವಾಯಿತು. ಕಬ್ಬಿಣದ ಅದಿರಿನ ಕೆಂಪು ದೂಳು ಕುಡಿದವರು ಸಂಡೂರಿನ ಜನ. ಆ ಅದಿರಿನ ಹಣದಲ್ಲಿ ಒಂದು ಹಲ್ಲಿನ ಕುರ್ಚಿ, ಒಂದು ಡಬ್ಬಿ ಸಿಮೆಂಟು ಕೇಳಿದರೆ ಅದು ಭಿಕ್ಷೆಯೇ? ನಮ್ಮ ಸೀಮೆಯ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆಂಬ ಮಾನಕ ಕಾಗದದಲ್ಲಿದೆ. ಕಾಗದವನ್ನು ಕುಡಿಯಲಾಗದು.

ನಾವು ಕೇಳುವುದು

ಹೊಸಪೇಟೆ, ಸಂಡೂರು, ಕಂಪ್ಲಿಗಳ ಗಿರಣಿ, ಗಣಿ, ಅಂಗಡಿಗಳ ಬಂಧುಗಳ ಪರವಾಗಿ ನಾವು ಈ ಬೇಡಿಕೆಗಳನ್ನು ಮುಂದಿಡುತ್ತೇವೆ.

ಒಂದು: ತಾಲೂಕು ಆಸ್ಪತ್ರೆಗಳಲ್ಲಿ ಹಲ್ಲು ಕೀಳುವುದಷ್ಟೇ ಅಲ್ಲ, ತುಂಬುವುದೂ ಪುಕ್ಕಟೆ ನಡೆಯಬೇಕು. ಗ್ಲಾಸ್ ಅಯೋನೊಮರ್ ಮತ್ತು ಕಾಂಪೊಸಿಟ್ ಎರಡೂ ಸದಾ ದಾಸ್ತಾನಿರಬೇಕು. ದಾಸ್ತಾನಿನ ಲೆಕ್ಕ ಗೋಡೆಯ ಮೇಲೆ ಬರೆದಿರಬೇಕು.

ಎರಡು: ಅಮಾಲ್ಗಮ್ ನಿಲ್ಲಿಸುವ ಮೊದಲು ಅದರ ಬದಲಿ ಮದ್ದಿಗೆ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು.

ಮೂರು: ವಾರಕ್ಕೆ ಒಂದು ದಿನ ಸಂಜೆ ಪಾಳಿಯಲ್ಲಿ ಹಲ್ಲಿನ ವಿಭಾಗ ತೆರೆದಿರಬೇಕು. ಕೂಲಿ ಕಳೆದುಕೊಳ್ಳದೆ ಬರುವಂತಿದ್ದರೆ ಮಾತ್ರ ಬಡವನಿಗೆ ಆಸ್ಪತ್ರೆ.

ನಾಲ್ಕು: ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಹಲ್ಲು ನೋಡಿ, ಗುಣಿ ಕಂಡರೆ ಅಲ್ಲಿಯೇ ತುಂಬಬೇಕು. ನೋಡಿ ಚೀಟಿ ಬರೆದು ಕಳಿಸಿದರೆ ಸಾಲದು. ಆ ಚೀಟಿ ಎಲ್ಲಿಗೆ ಹೋಗುತ್ತದೆಂಬುದನ್ನು ವರ್ಷಗಟ್ಟಲೆ ಪಾಠ ಹೇಳಿದ ನಾವು ಬಲ್ಲೆವು. ಅದು ಕಂಪಾಸ್ ಪೆಟ್ಟಿಗೆಯ ತಳದಲ್ಲಿ ಉಳಿಯುತ್ತದೆ.

ಐದು: ಇವುಗಳ ವೆಚ್ಚದ ಒಂದು ಪಾಲನ್ನು ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳ ಖನಿಜ ನಿಧಿಯಿಂದ ಕೊಡಬೇಕು.

ಇಷ್ಟಾದ ಮೇಲೆ ಬಂದು ಕೇಳಲಿ: ನಿಮಗೆ ಬೆಳ್ಳಗಿನದು ಇಷ್ಟವೋ, ಗಟ್ಟಿಯಾದದ್ದು ಇಷ್ಟವೋ ಎಂದು. ಹಂಪಿಯ ತಾಯಿ ಮುಂದಿನ ಹಲ್ಲಿಗೆ ಬೆಳ್ಳಗಿನದನ್ನೇ ಹೇಳಿಯಾಳು. ಗಿರಣಿಯ ಅಣ್ಣ ಬಹುಕಾಲ ಬಾಳುವುದನ್ನು ಹೇಳಿಯಾನು. ಆಗ ಆ ಉತ್ತರ ನಿಜವಾದ ಇಷ್ಟ.

ಬೇಡಿಕೆ ಪತ್ರ ನಮ್ಮ ಕಚೇರಿಯಲ್ಲಿದೆ. ಸಹಿ ಹಾಕಲು ಬರುವಾಗ ಒಂದು ಕೆಲಸ ಮಾಡಿ: ನಿಮ್ಮ ಮನೆಯಲ್ಲಿ ಎಷ್ಟು ಹಲ್ಲು ಕೀಳಿಸಿದ್ದೀರಿ, ಅವುಗಳಲ್ಲಿ ಎಷ್ಟಕ್ಕೆ ಮೊದಲು "ತುಂಬಿಸಿ" ಎಂದು ವೈದ್ಯರು ಹೇಳಿದ್ದರು, ಏಕೆ ತುಂಬಿಸಲಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬೇಡ, ಲೆಕ್ಕ ಸಾಕು. ಅವರ ಬಳಿ ಅವರ ಲೆಕ್ಕವಿದೆ. ನಮ್ಮ ಲೆಕ್ಕವನ್ನು ನಾವು ಮಾಡೋಣ. ಕಂಪ್ಲಿಯ ಅಣ್ಣ ತನ್ನ ಚೀಟಿಯನ್ನು ಆಗಲೇ ಕೊಟ್ಟು ಹೋಗಿದ್ದಾರೆ. ಅದರಲ್ಲಿ ಬರೆದಿರುವುದು ಇಷ್ಟೇ: ಐದು.